ತೋಳನ ಪಾಲಿಗೆ ಹೋದ ಆಡು

"ಏ ಮುದುಕಿ, ಬೋನು ಬಿಟ್ಟು ಹಿಂದಕ್ಕ ಸರಿ! ನಿನ್ನ ಮೈ ವಾಸನಿಗೆ ತೋಳ ಬೆದರತೈತಿ."

ಕಾಯ್ದಿಟ್ಟ ಕಾಡಿನ ಅಧಿಕಾರಿ ನಾಯಿಫ್ ಹಾಗಂದದ್ದೇ ಕಾವಲಿನವರು ಕಿಸಕ್ಕನೆ ನಕ್ಕರು. ಫಿದ್ದಾ ಕದಲಲಿಲ್ಲ. ಶರಾ ಬೆಟ್ಟಗಳ ಈ ಕಣಿವೆಯಲ್ಲಿ ಅವಳ ಕುಲದವರು ಯಾವ ಕಾಲದಿಂದ ಗುಡಾರ ಹಾಕಿ ಆಡು ಮೇಯಿಸುತ್ತಿದ್ದರೋ, ಹೇಳುವವರಿಲ್ಲ. ಈಗ ಗಡಿಗಲ್ಲು ನೆಟ್ಟಿದ್ದಾರೆ. ಗಡಿ ದಾಟಿದ ಆಡು ಸರ್ಕಾರದ್ದು. ಬೋನಿನೊಳಗೆ ಅಧ್ಯಯನಕ್ಕೆಂದು ಹಿಡಿದಿಟ್ಟ ಗಂಡು ತೋಳ. ಅದು ಎಲ್ಲಿ ಹೋದರೂ ಸುದ್ದಿ ಕೊಡುವ ಪಟ್ಟಿ ಅದರ ಕೊರಳಲ್ಲಿ.

"ನನ್ನ ಕರಿ ಆಡು ಕೊಟ್ಟುಬಿಡು ಸಾಹೇಬ, ಹೋಗ್ತೀನಿ. ಮಗಳ ಎದಿ ಬತ್ತೇತಿ. ಕೂಸು ಅದರ ಹಾಲಿನ ಮ್ಯಾಲನ ಉಸಿರು ಹಿಡದೈತಿ."

"ನಿನ್ನ ಗಂಡನಂಥಾ ಬ್ಯಾಟಿಗಾರರಿಂದನ ಈ ತೋಳಗಳ ಸಂತತಿ ಹಾಳಾತು. ಈಗ ಆಡು ಬೇಕೇನ?"

"ನಿಮ್ಮಪ್ಪ ಜೀಪಿನಾಗ ಕುಂತು ಗುಂಡು ಹೊಡೀತಿದ್ದ, ನನ್ನ ಗಂಡ ಮುಂದ ನಡದು ಹೆಜ್ಜಿ ತೋರಸ್ತಿದ್ದ. ತೊಗಲು ನಿಮ್ಮ ಮನಿ ಗ್ವಾಡಿಗೆ, ಪಾಪ ನಮ್ಮ ತಲಿಗೇನ?"

ನಗು ನಿಂತಿತು.

"ಬಾಯಿ ಮುಚ್ಚ, ರಂಡಿ!"

ಫಿದ್ದಾ ಕಾವಲಿನ ಮುತ್ಲಕನ ಕಡೆ ತಿರುಗಿದಳು. ಅವಳ ಅಕ್ಕನ ಮಗ. ಸಂಬಳದ ಆಸೆಗೆ ಸರ್ಕಾರದ ಅಂಗಿ ತೊಟ್ಟವನು. "ನೀನರ ಹೇಳೋ ಯಪ್ಪಾ, ಎಲ್ಲೈತಿ ಆಡು?"

ಅವನು ತಲೆ ಎತ್ತಲಿಲ್ಲ. "ಮುಂಜಾನೆನ ಕೊಯ್ದೆ, ಚಿಗವ್ವ. ತೋಳಕ್ಕ ಹಾಕಂದ್ರು."

ಬೋನಿನ ಮೂಲೆಯಲ್ಲಿ ಕರಿ ಕೂದಲಿನ ತೊಗಲಿನ ತುಂಡು ಬಿದ್ದಿತ್ತು. ಫಿದ್ದಾ ಬೋನಿನ ಸರಳಿಗೆ ಕೈ ಹಚ್ಚಿ ಅದನ್ನು ನೋಡಿದಳು.

"ನಮ್ಮ ಗುಡಾರದಾಗ ಆಡು ಕೊಯ್ಯೂದು ಯಾರಿಗೆ, ಮುತ್ಲಕ್?"

"ಮನಿಗೆ ಬಂದ ಅತಿಥಿಗೆ."

"ನನ್ನ ಆಡು ತಿಂದಾಂವ ನನ್ನ ಅತಿಥಿ. ಉಂಡ ಅತಿಥೀನ ಯಾರರ ಕೂಡಿ ಹಾಕತಾರೇನು? ತಗಿ ಬಾಗಲಾ."

"ನನ್ನ ನೌಕರಿ ಹೋಗ್ತೈತಿ, ಚಿಗವ್ವ!"

"ಹಂಗಾರ ದೂರ ನಿಂದ್ರು."

ಅವಳೇ ಅಗುಳಿ ಎಳೆದಳು. ನಾಯಿಫ್ ಕೂಗಿಕೊಳ್ಳುತ್ತಲೇ ಜೀಪಿನ ಕಡೆ ಓಡಿದ. ಅವಳ ಕೈ ಹಿಡಿಯಲು ಕಾವಲಿನವರಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ತೋಳ ಹೊಸಿಲಿಗೆ ಬಂದು ಗಾಳಿ ಮೂಸಿತು. ಆಮೇಲೆ ಅವಳ ಮಗ್ಗುಲಿನಿಂದಲೇ ಹಾದು, ಅವಳ ಮಗಳು, ಕೂಸು ಇದ್ದ ಗುಡಾರಗಳ ಇಳಿಜಾರಿನ ಕಡೆಗೆ ನಿಧಾನವಾಗಿ ಇಳಿಯತೊಡಗಿತು.