ಮಂಚಯ್ಯನ ದಪ್ಪ ಮೊಮ್ಮಗ

ಮಗು ದಪ್ಪಗಿದ್ದರೆ ನಮ್ಮ ಕಡೆ ಮನೆಯವರು ನಾಲ್ಕು ಜನಕ್ಕೆ ಹೇಳಿಕೊಂಡು ಬರುತ್ತಾರೆ. ಪಾಂಡವಪುರದ ಹತ್ತಿರ ಆಲೆಮನೆ ಇಟ್ಟಿರುವ ಮಂಚಯ್ಯನಿಗೆ ನಾಲ್ಕು ಜನ ಸಾಲುತ್ತಿರಲಿಲ್ಲ. ಬೆಲ್ಲ ತುಂಬಿಸಿಕೊಳ್ಳಲು ಬಂದ ಟೆಂಪೋ ಡ್ರೈವರುಗಳನ್ನೂ ನಿಲ್ಲಿಸಿಕೊಂಡು ತೋರಿಸುತ್ತಿದ್ದ.

"ನೋಡ್ಲಾ, ನನ್ ಮೊಮ್ಮಗ. ಕೆನ್ನೆ ನೋಡು, ಕಾಲ್ ನೋಡು. ಬೆಲ್ಲದಚ್ಚು ಇದ್ದಂಗವ್ನೆ!"

ಮಗುವಿನ ಹೆಸರು ಶಶಾಂಕ್. ಆ ಹೆಸರಿನಿಂದ ಕರೆದದ್ದು ಹೆಸರಿಟ್ಟ ದಿನ ಮಾತ್ರ, ಆಮೇಲೆಲ್ಲ ಗುಂಡ. ಒಂದೂವರೆ ವರ್ಷ. ಕೆನ್ನೆ, ಪಾದ ತುಂಬಿಕೊಂಡಿದ್ದವು, ಸರಿ. ಆದರೆ ಗುಂಡ ನಗುತ್ತಿರಲಿಲ್ಲ. ಕೂರಿಸಿದ ಕಡೆ ಕೂತಿರುತ್ತಿದ್ದ. ತಲೆಗೂದಲು ಕೆಂಚಾಗಿತ್ತು. ಭೇದಿ ಬಂದು ಹೋದ ಮೇಲಂತೂ ಊಟ ಕಂಡರೆ ಮುಖ ತಿರುಗಿಸುತ್ತಿದ್ದ. ತಾಯಿ ಅನಿತ ಅನ್ನ ಸಾರು ಕಲಸಿ ತರುವಷ್ಟರಲ್ಲಿ ಆಲೆಮನೆಯಲ್ಲಿ ಒಬ್ಬರು ಬೆಲ್ಲ ನೆಕ್ಕಿಸಿರುತ್ತಿದ್ದರು, ಇನ್ನೊಬ್ಬರು ಕಬ್ಬಿನ ಹಾಲು ಕುಡಿಸಿರುತ್ತಿದ್ದರು, ಅಜ್ಜಿ ಪುಟ್ಟಲಕ್ಷ್ಮಮ್ಮ ಟೀಯಲ್ಲಿ ಬನ್ನು ಅದ್ದಿ ಕೊಟ್ಟಿರುತ್ತಿದ್ದಳು.

"ಅತ್ತೆ, ಮೊಗ ಯಾಕೋ ಮಂಕಾಗವ್ನೆ," ಎಂದಳು ಅನಿತ ಒಂದು ದಿನ.

"ಮಂಕಲ್ಲ ಕಣೆ, ಗಂಭೀರ. ಅವರ ತಾತನ್ ತರ."

ಅನಿತ ಮಾವನ ಕಡೆ ನೋಡಿದಳು. ಮಂಚಯ್ಯ ಆಗ ಒಂಟಿ ಕಾಲಲ್ಲಿ ಕುಣಿಯುತ್ತ, ಹಿಂದಿನ ದಿನ ನಾಯಿ ತನ್ನನ್ನು ಹೇಗೆ ಅಟ್ಟಿಸಿಕೊಂಡು ಬಂತು ಎಂದು ಡ್ರೈವರಿಗೆ ತೋರಿಸುತ್ತಿದ್ದ.

ಅಂಗನವಾಡಿಯಲ್ಲಿ ತಿಂಗಳು ತಿಂಗಳು ಮಕ್ಕಳ ತೂಕ ನೋಡುತ್ತಾರೆ. ಗುಂಡನನ್ನು ಮಂಚಯ್ಯ ಕಳಿಸುತ್ತಿರಲಿಲ್ಲ. "ಎಲ್ಲಾರ್ ಮುಂದೆ ತಕ್ಕಡಿಗಾಕಿದ್ರೆ ದೃಷ್ಟಿ ಆಯ್ತದೆ" ಎನ್ನುತ್ತಿದ್ದ. ಡ್ರೈವರುಗಳಿಗೆ ತೋರಿಸಿದರೆ ಯಾಕೆ ಆಗುವುದಿಲ್ಲವೋ, ಅದನ್ನು ಯಾರೂ ಕೇಳಲಿಲ್ಲ.

ಕೊನೆಗೆ ಊರಿನ ಆರೋಗ್ಯ ಉಪಕೇಂದ್ರದ ನರ್ಸು ರಮ್ಯ ತಾನೇ ಆಲೆಮನೆಗೆ ಬಂದಳು. ಬೂಕನಕೆರೆ ಕಡೆಯ ಹುಡುಗಿ, ಮಾತು ಸ್ವಲ್ಪ ಜೋರು. ಗುಂಡನನ್ನು ತೊಡೆಯ ಮೇಲೆ ಕೂರಿಸಿಕೊಂಡು ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಮೂರು ಎಣಿಸುವಷ್ಟು ಹೊತ್ತು ಹಿಡಿದು ಬಿಟ್ಟಳು. ಎರಡು ಪಾದಗಳಲ್ಲೂ ಗುಳಿ ಹಾಗೇ ಉಳಿಯಿತು.

"ತಾತ, ಇದು ದಪ್ಪ ಅಲ್ಲ, ಊತ. ಒಳಗೆ ನೀರು ತುಂಬ್ಕೊಂಡದೆ. ಮೈಗೆ ಬೇಕಾದ ಊಟ ಸಿಗ್ದಿದ್ರೆ ಇಂಗಾಯ್ತದೆ. ಇದ್ಕೇ ಅಪೌಷ್ಟಿಕತೆ ಅನ್ನೋದು."

"ಏನಂದೆ ಸಿಸ್ಟ್ರಮ್ಮ? ಆಲೆಮನೆಯೋರ್ ಮೊಗೀಗೆ ಊಟ ಇಲ್ವಾ? ಯಾರ್ ಕಾಲ್ ಒತ್ತುದ್ರೂ ಗುಳಿ ಬೀಳ್ತದೆ ಕಣವ್ವ! ಲೇ ತಿಮ್ಮೇಶ, ಕೊಡ್ಲಾ ಇಲ್ಲಿ ಕಾಲ!"

ತಿಮ್ಮೇಶ ಕೊಪ್ಪರಿಗೆಯಲ್ಲಿ ಪಾಕ ತಿರುವುತ್ತಿದ್ದ. ತಿರುವುತ್ತಲೇ ಒಂದು ಕಾಲು ಹಿಂದಕ್ಕೆ ಚಾಚಿದ. ಮಂಚಯ್ಯ ಒತ್ತಿದ. ಗುಳಿ ಬೀಳಲಿಲ್ಲ.

"ಇವಂದು ಎಮ್ಮೆ ಚರ್ಮ, ಲೆಕ್ಕಕ್ಕಿಲ್ಲ," ಎಂದು ಹೆಂಡತಿಯ ಕಾಲಿಗೆ ಕೈ ಹಾಕಿದ.

ಪುಟ್ಟಲಕ್ಷ್ಮಮ್ಮ ಹೌಹಾರಿದಳು. "ಅಯ್ಯಯ್ಯೋ, ಬುಡು! ಮದ್ವೆ ಆದಾಗ್ನಿಂದ ಒಂದಿನಾನೂ ನನ್ ಕಾಲ್ ಒತ್ನಿಲ್ಲ. ಇವತ್ತು ಊರೋರ್ ಮುಂದೆ ಒತ್ತಾವ್ನೆ!"

ಅವಳ ಕಾಲಲ್ಲೂ ಗುಳಿ ಇಲ್ಲ. ಬೆಲ್ಲ ತುಂಬಿಸಿಕೊಳ್ಳಲು ಬಂದಿದ್ದ ಡ್ರೈವರನ ಕಾಲಲ್ಲೂ ಇಲ್ಲ. ಬೆಲ್ಲ ಕೊಳ್ಳಲು ಬಂದವರೆಲ್ಲ ಚಪ್ಪಲಿ ಬಿಟ್ಟು ತಮ್ಮ ತಮ್ಮ ಕಾಲು ಒತ್ತಿಕೊಳ್ಳತೊಡಗಿದರು. ಬೆಲ್ಲಕ್ಕೆಂದು ಹೋಗಿದ್ದ ನಾನೂ ಒಂದು ಮೂಲೆಯಲ್ಲಿ ಒತ್ತಿಕೊಂಡೆ. ಅಲ್ಲೇ ನಿಂತಿದ್ದ ಪಕ್ಕದ ಮನೆಯ ಅಜ್ಜಿಯ ಕಂಕುಳಲ್ಲಿದ್ದ ಪುಟ್ಟ ಮೊಮ್ಮಗಳ ಕಾಲು ಹಿಡಿಯಲು ಹೋದ ಮಂಚಯ್ಯನಿಗೆ ಮೂಗಿಗೇ ಒದೆ ಬಿತ್ತು. ಅಷ್ಟರಲ್ಲಿ ಸೀದ ವಾಸನೆ. ಪಾಕದ ಕಡೆ ಯಾರಿಗೂ ಗ್ಯಾನವಿರಲಿಲ್ಲ.

"ನೋಡ್ದಾ ತಾತ," ಎಂದಳು ರಮ್ಯ. "ಆ ಮೊಗ ನಿನ್ ಮೂಗಿಗೆ ಒದೀತು. ಗುಂಡ ನಾನ್ ಒತ್ತುದ್ರೂ ಕಾಲ್ ಎಳ್ಕೊಳ್ಳಿಲ್ಲ. ಒದೆಯೋಕೂ ಮೈಯಾಗೆ ಶಕ್ತಿ ಬೇಕು."

ನಗುತ್ತಿದ್ದವರು ಚಪ್ಪಲಿ ಮೆಟ್ಟಿಕೊಂಡು ಗುಂಡನ ಹತ್ತಿರ ಬಂದರು.

"ಇಂಗೇ ಬುಟ್ರೆ ಇನ್ನೊಂದು ಭೇದಿಗೋ ಜ್ವರಕ್ಕೋ ಮೊಗ ಉಳ್ಯದು ಕಷ್ಟ. ಇವತ್ತೇ ದೊಡ್ಡಾಸ್ಪತ್ರೆಗೆ ಓಗ್ಬೇಕು. ಇಂತಾ ಮಕ್ಕಳಿಗೆ ಅಂತ್ಲೇ ಅಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರ ಅದೆ. ದುಡ್ಡು ಕೇಳಲ್ಲ. ತಾಯೀನೂ ಜೊತೇಲಿ ಇರ್ಬೋದು."

ನನಗೆ ಹಿಂದೆ ಕಂಡ ಮಕ್ಕಳು ನೆನಪಾದರು. ನಮ್ಮ ಕಾಲದಲ್ಲಿ ಹೀಗೇ ಊದಿಕೊಂಡು ಮಂಕಾಗಿ ಕೂರುತ್ತಿದ್ದ ಮಕ್ಕಳಿದ್ದವು. ಒಂದು ಸುಗ್ಗಿಯಲ್ಲಿ ಇದ್ದದ್ದು ಮುಂದಿನ ಸುಗ್ಗಿಗೆ ಇರುತ್ತಿರಲಿಲ್ಲ. ಯಾರದೋ ಕಣ್ಣು ಬಿತ್ತು ಎಂದು ಸುಮ್ಮನಾಗುತ್ತಿದ್ದೆವು. ಕಾಲು ಒತ್ತಿ ನೋಡುವವರು ಇರಲಿಲ್ಲ. ಅಷ್ಟನ್ನೇ ಮಂಚಯ್ಯನಿಗೆ ಹೇಳಿದೆ. ಅವನು ಆವತ್ತೇ ಬೆಲ್ಲದ ಟೆಂಪೋದಲ್ಲೇ ತಾಯಿ ಮಗುವನ್ನು ಕಳಿಸಿದ.

ಕೆಲವು ದಿನ ಬಿಟ್ಟು ನೋಡಲು ಹೊರಟ. ಜೊತೆಗೆ ನಾನೂ ಹೋದೆ. ವಾರ್ಡಿನ ಬಾಗಿಲಲ್ಲೇ ಮಂಚಯ್ಯ ಕಿರುಚಿಕೊಂಡ. ಗುಂಡನ ಕೆನ್ನೆ ಇಳಿದುಹೋಗಿತ್ತು. ಕಾಲು ಕಡ್ಡಿಯಾಗಿತ್ತು.

"ಅಯ್ಯೋ! ದಪ್ಪ ಮೊಗ ಕೊಟ್ಟಿದ್ದೆ, ಸೌದೆ ಸೀಳು ಮಾಡವ್ರಲ್ಲಪ್ಪೋ! ನಡೀ ಅನಿತ, ಮನೆಗೆ!"

ಮಗುವನ್ನು ಟವಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡೇಬಿಟ್ಟ. ಮನೆಯಲ್ಲಿ ಮಾವನ ಎದುರು ದನಿ ಎತ್ತದ ಅನಿತ ಬಾಗಿಲಿಗೆ ಅಡ್ಡ ನಿಂತಳು.

"ಮಾವ, ಮೊಗ ಇಳಿಸಿ. ಇವ್ರು ಸೊರಗಿಸಿಲ್ಲ, ನೀರ್ ಇಳಿದದೆ ಅಷ್ಟೇಯ. ನಮ್ ಗುಂಡ ಇರೋದೇ ಇಷ್ಟು. ನಾವು ನೀರ್ ನೋಡ್ಕೊಂಡು ಉಬ್ಬೋಗಿದ್ದೋ."

"ತಿನ್ನೋಕೆ ಏನ್ ಕೊಡ್ತಾವ್ರೆ ಇಲ್ಲಿ? ಆ ಪಕ್ಕದ ಮೊಗೀನ್ ಬಟ್ಲು ನೋಡು, ಒಂದ್ ಲೋಟಾನೂ ತುಂಬಲ್ಲ!"

"ಎರಡೆರಡು ಗಂಟೆಗೊಂದ್ಸಲ ಔಷ್ದಿ ಹಾಲು, ರಾತ್ರೀನೂ. ಒಂದೇ ಏಟಿಗೆ ಜಾಸ್ತಿ ಕೊಟ್ರೆ ಈ ಜೀವ ತಡೆಯಕಿಲ್ಲ ಅಂದವ್ರೆ ಡಾಕ್ಟ್ರು. ಈಗ ಕರ್ಕೊಂಡೋದ್ರೆ ಕೈಯಾರೆ ಕಳ್ಕೋತೀವಿ, ಮಾವ."

ಅಷ್ಟರಲ್ಲಿ ನರ್ಸೊಬ್ಬಳು ಹಾಲಿನ ಬಟ್ಟಲು ಹಿಡಿದು ಬಂದಳು. ಹೆಗಲ ಮೇಲಿದ್ದ ಗುಂಡ ಬಟ್ಟಲು ಕಂಡದ್ದೇ ಕತ್ತು ನೀಡಿದ. ತಾತ ಅತ್ತ ತಿರುಗಲಿಲ್ಲ. ಗುಂಡ ವಾರ್ಡೆಲ್ಲ ಕೇಳುವಂತೆ ಕಿರುಚಿ, ತಾತನ ಮೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಬಟ್ಟಲಿನ ಕಡೆಗೆ ಎಳೆದ.

"ಆ... ಆ... ಬುಡ್ಲಾ! ಬೇಗ ಕುಡ್ಸವ್ವ, ಮೀಸೆ ಕಿತ್ಕೊಂಡ್ ಬತ್ತದೆ!"

"ಹಸಿವು ಅಂತ ಅತ್ತಿದ್ದು ಇವತ್ತೇ ಮೊದ್ಲು, ಮಾವ," ಎಂದಳು ಅನಿತ. ಅವಳ ಕಣ್ಣಲ್ಲಿ ನೀರಿತ್ತು. ಮಂಚಯ್ಯನ ಕಣ್ಣಲ್ಲೂ ಇತ್ತು. ಮೀಸೆಯ ನೋವಿಗೆ ಎಂದು ಹೇಳಿದ. ಮಗುವನ್ನು ತಾಯಿಯ ಕೈಗೆ ಕೊಟ್ಟು ನೆಲದ ಮೇಲೆ ಕೂತ. ಬಟ್ಟಲು ಖಾಲಿಯಾಗುವವರೆಗೂ ಏಳಲಿಲ್ಲ.

ಡಾಕ್ಟರು ಹೋಗಬಹುದು ಎಂದ ಮೇಲೆಯೇ ಗುಂಡ ಮನೆಗೆ ಬಂದ. ಈಗ ಅವನಿಗೆ ಮೊಟ್ಟೆ, ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ, ಸೊಪ್ಪು, ಮೇಲೊಂದು ಚಮಚ ಎಣ್ಣೆಯೋ ತುಪ್ಪವೋ. ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಐದಾರು ಸಲ. ರಮ್ಯ ಹೇಳಿದ ದಿನ ತೂಕಕ್ಕೆ ಎತ್ತಿಕೊಂಡು ಹೋಗುವುದು ಮಂಚಯ್ಯನೇ. ದಾರಿಯುದ್ದಕ್ಕೂ ಗುಂಡ ಅವನನ್ನು ಒದೆಯುತ್ತಾನೆ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದೆಯೇ? ತಿಂಗಳಿಗೊಮ್ಮೆ ತೂಕ ಹಾಕಿಸಿ. ತೀರ ಸಣ್ಣಗಾದರೂ, ಆಟ ಬಿಟ್ಟು ಮಂಕಾದರೂ, ಊಟ ಬೇಡವೆಂದರೂ ಊರಿನ ಉಪಕೇಂದ್ರದಲ್ಲಿ ತೋರಿಸಿ. ಎರಡೂ ಪಾದ ಒತ್ತಿದಾಗ ಗುಳಿ ಉಳಿದರೆ ನಾಳೆ ಎನ್ನಬೇಡಿ, ಆವತ್ತೇ ಹೊರಡಿ. ಆಸ್ಪತ್ರೆಯಲ್ಲಿ ಊತ ಇಳಿದು ಮಗು ಸೊರಗಿದಂತೆ ಕಂಡರೆ ಹೆದರಿ ನಡುವೆ ಕರೆತರಬೇಡಿ. ಅನುಮಾನ ಬಂದರೆ ಅಲ್ಲೇ ಕೇಳಿ, ಜಗಳವಾಡಿಯಾದರೂ ಕೇಳಿ. ಮಗುವನ್ನು ಮಾತ್ರ ಅಲ್ಲೇ ಇರಲು ಬಿಡಿ.