ಹಾಲಿನ ಲ

ನಾನೊಂದು ಊರ ಹೆಸರಿನ ಫಲಕ. ಹುಟ್ಟಿದಾಗ ನನ್ನ ಮೈಮೇಲೆ ಯಾವ ಹೆಸರೂ ಇರಲಿಲ್ಲ. ಬರೀ ನಾಲ್ಕಡಿ ಉದ್ದದ ತಗಡು. ಪೇಂಟರ್ ಇಮಾಮಸಾಬ ನನ್ನನ್ನು ತಿಕ್ಕಿ ತೊಳೆದು, ಹಳದಿ ಬಣ್ಣ ಬಳಿದು, ಬಿಸಿಲಿಗೆ ಒರಗಿಸಿದ. ಒಣಗಿದ ಮೇಲೆ ಸೈಕಲ್ಲಿಗೆ ಕಟ್ಟಿಕೊಂಡು ಊರಿಗೇ ತಂದ. ಅಕ್ಷರ ಬರೆಯುವ ಮೊದಲು ಹೆಸರನ್ನು ಊರಿನವರ ಬಾಯಿಂದ ಒಮ್ಮೆ ಕೇಳಬೇಕು ಎಂಬುದು ಅವನ ಪದ್ಧತಿ.

ರಸ್ತೆ ಪಕ್ಕದ ಬಾವಿಯಲ್ಲಿ ಸೂಲಗಿತ್ತಿ ಫಕೀರವ್ವ ನೀರು ಸೇದುತ್ತಿದ್ದಳು.

"ಯವ್ವಾ, ನಿಮ್ಮೂರ ಹೆಸರು ಹ್ಯಾಂಗ ಬರೀಲಿ?"

"ಹಾಲುಬಾವಿಕಟ್ಟಿ. ಹಾಲಿನ ಲ ಹಾಕಪ್ಪಾ. ನಾಲಗಿ ಮಡಚಬ್ಯಾಡ. ಮಡಚಿದಿ ಅಂದ್ರ ಊರು ಹಾಳಾಗತೈತಿ."

"ನಾ ನಾಲಗೀಲೆ ಬರಿಯಂಗಿಲ್ಲಬೇ, ಕುಂಚದಲೆ ಬರೀತೀನಿ."

"ಹಂಗಾರ ಆ ಕುಂಚಕ್ಕೂ ಹೇಳಿಡು."

ಅವನು ಬರೆಯುತ್ತಿರುವಾಗ ಅವಳು ಕೊಡ ಇಳಿಸಿ ಹೆಸರಿನ ಕಥೆ ಹೇಳಿದಳು. ಬರದ ವರ್ಷವೊಂದರಲ್ಲಿ ಹಸಿಗೂಸು ಕಟ್ಟಿಕೊಂಡ ಹೆಂಗಸೊಬ್ಬಳು ನಡೆದು ನಡೆದು ಈ ಬಾವಿಯ ಬಳಿ ಕುಸಿದು ಕುಳಿತಳಂತೆ. ಎದೆ ಬತ್ತಿತ್ತು. ಊರ ಹೆಂಗಸರು ನೀರು ಸೇದಿ ಕೊಟ್ಟರು, ರೊಟ್ಟಿ ಕೊಟ್ಟರು, ಎರಡು ದಿನ ಅವಳನ್ನು ಏಳಗೊಡಲಿಲ್ಲ. ಮೂರನೆಯ ದಿನ ಕೂಸಿನ ಕಟಬಾಯಲ್ಲಿ ಹಾಲು ಇಳಿಯಿತು. ಬಾಣಂತಿ ನೆಲದ ಮೇಲೆ ಕೂರುವಂತಾಯಿತಲ್ಲ ಎಂದು ಆಮೇಲೆ ಗಂಡಸರು ಕಲ್ಲಿನ ಕಟ್ಟೆ ಕಟ್ಟಿದರು.

"ಹಾಲು ಆಕೀದು, ಬಾವಿ ನೀರಿನ ತಾಯಿ ಗಂಗವ್ವಂದು, ಕಟ್ಟಿ ನಮ್ಮ ಹಿರ್‍ಯಾರದು. ಮೂರೂ ಸೇರಿ ನಮ್ಮೂರು," ಎಂದಳು ಫಕೀರವ್ವ.

ಹೀಗೆ ನನಗೆ ಅರ್ಥ ಬಂತು. ನಾನು ಬಾವಿಯ ಎದುರಿಗೇ ಎರಡು ಕಂಬಗಳ ಮೇಲೆ ನಿಂತೆ.

ಆ ಊರಲ್ಲಿ ಒಂದು ರೂಢಿಯಿತ್ತು. ಹೆರಿಗೆಯಾದ ಇಪ್ಪತ್ತೊಂದನೆಯ ದಿನ ಬಾಣಂತಿ ಮೊದಲ ಸಲ ಹೊಸ್ತಿಲು ದಾಟಿ ಬಂದು, ಬಾವಿಗೆ ಅರಿಶಿನ ಕುಂಕುಮ ಹಚ್ಚಿ, ಒಂದು ಕೊಡ ಸೇದಿ, ಕಟ್ಟೆಯ ಮೇಲೆ ಮೂರು ಹನಿ ಎದೆಹಾಲು ಬಿಡುತ್ತಿದ್ದಳು. ಹಾಗೆ ಬಂದವರಲ್ಲಿ ನೀಲವ್ವನನ್ನು ನಾನು ಮರೆಯಲಾರೆ. ಅವಳಿಗೆ ಮೂರು ಹನಿಯೂ ಬರಲಿಲ್ಲ. ಕೂಸು ಚೀರುತ್ತಿತ್ತು, ಅವಳೂ ಅಳುತ್ತಿದ್ದಳು. ಫಕೀರವ್ವ ಅವಳಿಗೆ ಬೊಗಸೆಯಲ್ಲಿ ನೀರು ಕುಡಿಸಿ, ಕಟ್ಟೆಯ ಮೇಲೆ ಕೂರಿಸಿ, ಬೆನ್ನು ನೀವಿದಳು. ಏಳು ಎನ್ನುವವರು ಯಾರೂ ಇರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕೂಸು ಸುಮ್ಮನಾಯಿತು. ನೀರಿನಿಂದ ಹಾಲು ಬಂತೋ, ಅಷ್ಟು ಹೊತ್ತು ಕೂರಲು ಸಿಕ್ಕಿದ್ದರಿಂದ ಬಂತೋ, ತಗಡಿಗೆ ಏನು ತಿಳಿದೀತು? ಆ ಕೂಸಿಗೆ ಸುಮಂಗಲಾ ಎಂದು ಹೆಸರಿಟ್ಟರು.

ವರ್ಷಗಳು ಕಳೆದವು. ಫಕೀರವ್ವ ಹೋದಳು, ಇಮಾಮಸಾಬನೂ ಹೋದ. ಮನೆಮನೆಗೆ ನಲ್ಲಿ ಬಂತು. ಬಾವಿಯ ಬಳಿ ಈಗ ಬಾಣಂತಿಯರಷ್ಟೇ ಬರುತ್ತಿದ್ದರು. ನನ್ನ ಬಣ್ಣ ಮಾಸಿತ್ತು. ರಸ್ತೆಯ ಫಲಕಗಳಿಗೆಲ್ಲ ಹೊಸ ಬಣ್ಣ ಹಚ್ಚಲು ಪರವೂರಿನ ಪೇಂಟರೊಬ್ಬ ಬಂದ. ಅವನ ಕೈಯಲ್ಲಿ ಊರುಗಳ ಪಟ್ಟಿ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ನನ್ನ ಮೇಲಿನ ಹಳೆಯ ಹೆಸರನ್ನು ಓದದೆಯೇ ಹಸಿರು ಬಣ್ಣ ಬಳಿದ. ಯಾರನ್ನೂ ಕೇಳಲಿಲ್ಲ. ಬಿಳಿ ಅಕ್ಷರದಲ್ಲಿ ದುಂಡಗೆ ಬರೆದ: ಹಾಳುಬಾವಿಕಟ್ಟಿ.

ಕೂಗಬೇಕೆನಿಸಿತು. ಆದರೆ ನನಗಿರುವುದು ನನ್ನ ಮೇಲೆ ಬರೆದ ಮಾತು ಮಾತ್ರ.

ಮಾರನೆಯ ದಿನ ಬಸ್ಸಿನ ಕಂಡಕ್ಟರ್ ಹೊಸ ಫಲಕ ಓದಿ ಕೂಗಿದ, "ಹಾಳುಬಾವೀ! ಹಾಳಾಗೋರೆಲ್ಲಾ ಇಳೀರಪ್ಪಾ!"

ಬಸ್ಸೆಲ್ಲ ನಕ್ಕಿತು. ಸಂತೆಯ ಚೀಲ ಹಿಡಿದು ಇಳಿದ ನೀಲವ್ವ ಮಾತ್ರ ತಿರುಗಿ ನಿಂತಳು. "ನಿನ್ನ ನಾಲಗಿ ಸೊಟ್ಟ ಆಗೇತೇನೋ? ಹಾಲು ಅನ್ನು."

"ನಂದೇನ್ ತಪ್ಪುಬೇ? ಬೋರ್ಡ್ ನೋಡು."

ಅವಳು ನನ್ನನ್ನು ನೋಡಿದಳು. ನಾಚಿಕೆಯಿಂದ ನನ್ನ ಮೈಯೆಲ್ಲ ಕಾದುಹೋಯಿತು. ತಿದ್ದಿಸಬೇಕೆಂದು ಅವಳು ನಾಲ್ಕು ಜನರಿಗೆ ಹೇಳಿದಳು. ಒಂದು ಅಕ್ಷರಕ್ಕೆ ಯಾರು ಓಡಾಡುತ್ತಾರೆ?

ಆ ಅಕ್ಷರ ಮಾತ್ರ ಸುಮ್ಮನಿರಲಿಲ್ಲ. ರಸ್ತೆ ಬದಿಯ ಪಾಳುಬಿದ್ದ ಬಾವಿಗಳನ್ನು ಮುಚ್ಚಬೇಕೆಂದು ಆದೇಶ ಬಂತು. ಯಾರೋ ಜೀಪಿನಲ್ಲಿ ಬಂದು, ಇಳಿಯದೆಯೇ ನನ್ನನ್ನು ಓದಿ, ಎದುರಿನ ಬಾವಿ ನೋಡಿ, ಬರೆದುಕೊಂಡು ಹೋದರು. ನಮ್ಮೂರ ಹೆಸರು ಕಾಗದದ ಮೇಲೆ ಮೂರು ಮಾತುಗಳಾಗಿ ಬಿಡಿಬಿಡಿಯಾಗಿ ಬಿತ್ತು: ಹಾಳು ಬಾವಿ, ಒಂದು. ಕಟ್ಟಿ, ಒಂದು.

ಮಣ್ಣಿನ ಲಾರಿ, ಜೆಸಿಬಿ ಬಂದ ದಿನ ಸುಮಂಗಲಾ ತವರಿನಲ್ಲಿ ಹೆತ್ತು ಹತ್ತು ದಿನವಾಗಿತ್ತು. ಹೆಣ್ಣುಕೂಸು. ಅವಳಿಗೂ ಹಾಲು ಸಾಲುತ್ತಿರಲಿಲ್ಲ. "ಬಾವಿಗೆ ಹೋಗಿ ಬಂದ್ರ ಎಲ್ಲಾ ಸರಿ ಹೋಗತೈತಿ, ಸುಮ್ಮನಿರು," ಎಂದು ನೀಲವ್ವ ದಿನಾ ಮಗಳಿಗೆ ಸಮಾಧಾನ ಹೇಳುತ್ತಿದ್ದಳಂತೆ. ಸದ್ದು ಕೇಳಿ ಅವಳು ಕುಡುಗೋಲು ಹಿಡಿದ ಕೈಯಲ್ಲೇ ಓಡಿಬಂದಳು.

"ಹನ್ನೊಂದು ದಿನ ತಡೀರಿ ಸಾಹೇಬ್ರ. ನನ್ನ ಮಗಳು ಒಂದು ಕೊಡ ಸೇದ್ಲಿ. ಆಮ್ಯಾಲ ಏನರ ಮಾಡ್ಕೊಳ್ರಿ."

ಮೇಲ್ವಿಚಾರಕ ಕೆಟ್ಟವನಲ್ಲ. "ಹಾಳು ಬಾವಿ ನೀರು ಬಾಣಂತಿಗೆ ಯಾಕವ್ವಾ? ಬೋರ್ಡಿನ ಮ್ಯಾಲೇ ಬರದೈತಲ್ಲ."

ನೀಲವ್ವ ನನ್ನ ಬಳಿ ಬಂದು, ಎರಡನೆಯ ಅಕ್ಷರದ ಮೇಲೆ ಕುಡುಗೋಲಿನ ಮೊನೆಯಿಂದ ಕೆರೆಯತೊಡಗಿದಳು. ನೋವಾಯಿತು, ಆದರೆ ಅಂಥ ನೋವು ದಿನವೂ ಆಗಲಿ ಎನಿಸಿತು. ಬಿಳಿ ಉದುರಿತು, ಹಸಿರು ಉದುರಿತು. ಹಳದಿಯ ಮೇಲೆ ಇಮಾಮಸಾಬನ ಕಪ್ಪು 'ಲು' ಹೊರಬಂತು. ಇಷ್ಟು ವರ್ಷ ನಾನು ಹೇಳಲಾಗದೆ ಅದುಮಿಟ್ಟುಕೊಂಡಿದ್ದ ಒಂದೇ ಮಾತು.

"ಓದ್ರಿ," ಎಂದಳು.

ಅವನು ಓದಿದ. "ಖರೇ ಐತವ್ವಾ. ಲ ಐತಿ. ಆದ್ರ ನನ್ನ ಕಾಗದದಾಗ ಳ ಐತಿ. ನನಗ ಕಾಗದಾ ಕೆರಿಯಾಕ ಬರಂಗಿಲ್ಲ." ಮತ್ತೆ ತಗ್ಗಿದ ದನಿಯಲ್ಲಿ ಹೇಳಿದ, "ಲಾರಿ ಹಿಂದ ಸರಿಸ್ತೀನಿ. ನಿನಗ ಬೇಕಾದಷ್ಟು ನೀರು ಸೇದ್ಕೋ."

ನೀಲವ್ವ ಸೇದಿದಳು. ಮನೆಗೂ ಬಾವಿಗೂ ಒಂಬತ್ತು ಸಲ ಓಡಾಡಿ ಹಿತ್ತಲಿನ ದೊಡ್ಡ ಮಣ್ಣಿನ ಹರವಿ ತುಂಬಿದಳು. ಆಮೇಲೆ ಮಣ್ಣು ಬಿತ್ತು. ನೀರು ಒಂದೇ ಒಂದು ಸಲ ಗುಳುಕ್ ಎಂದಿತು. ಕಟ್ಟೆಯ ಕಲ್ಲುಗಳನ್ನು ಲಾರಿ ಹೊತ್ತೊಯ್ದಿತು. ಜೆಸಿಬಿ ತಿರುಗುವಾಗ ನನ್ನ ಕಂಬಗಳೂ ಬಿದ್ದವು.

ನನ್ನನ್ನು ನೀಲವ್ವ ಎತ್ತಿಕೊಂಡು ಹೋದಳು. ಹರವಿಗೆ ಮುಚ್ಚಳ ಬೇಕಿತ್ತು.

ಇಪ್ಪತ್ತೊಂದನೆಯ ದಿನ ಸುಮಂಗಲಾ ಹಿತ್ತಲಿಗೆ ಬಂದಳು. ಅರಿಶಿನ ಕುಂಕುಮವನ್ನು ಎಲ್ಲಿ ಹಚ್ಚಬೇಕೆಂದು ತಿಳಿಯದೆ ತಾಯಿಯ ಮುಖ ನೋಡಿದಳು. ನೀಲವ್ವ ನನ್ನನ್ನು ತೋರಿಸಿದಳು. ಮೂರು ಮಾತಿಗೂ ಕುಂಕುಮ ಬಿತ್ತು. ನನ್ನನ್ನು ಸ್ವಲ್ಪ ಸರಿಸಿ ಒಂದು ಕೊಡ ಮೊಗೆದರು. ಆಮೇಲೆ ಅವಳು ಎದೆಯನ್ನು ಹಿಂಡಿ ಹಿಂಡಿ, ಮೂರಲ್ಲ, ಎರಡು ಹನಿ ಹಾಲನ್ನು ಆ 'ಲು' ಮೇಲೆ ಬಿಟ್ಟಳು. ಕಲ್ಲಾಗಿದ್ದರೆ ಹೀರಿಕೊಳ್ಳುತ್ತಿದ್ದೆ. ತಗಡು ನಾನು. ಎರಡೂ ಹನಿ ಜಾರಿ ಮಣ್ಣಿಗೆ ಬಿದ್ದವು. ಮೂರನೆಯ ಹನಿ ಬರಲಿಲ್ಲ. ಆ ಕೂಸು ಪುಡಿಹಾಲಿನಲ್ಲಿ ಬೆಳೆಯಿತು.

ಈಗ ನಾನು ಅದೇ ಹರವಿಯ ಮೇಲೆ ಮಲಗಿದ್ದೇನೆ. ಒಳಗಿರುವುದು ನಲ್ಲಿಯ ನೀರು. ನೀಲವ್ವ ಎಲ್ಲಿ ಕೆರೆದಿದ್ದಳೋ ಅಲ್ಲೇ ಮೊದಲು ತುಕ್ಕು ಹಿಡಿಯಿತು. ಅವಳು ಬಿಡಿಸಿ ತಂದ ಅಕ್ಷರವೇ ಮೊದಲು ಉದುರಿತು. ಹಸಿರಿನ ಮೇಲಿನ ಉಳಿದ ಬಿಳಿ ಅಕ್ಷರಗಳೆಲ್ಲ ಗಟ್ಟಿಯಾಗಿವೆ.

ಮೊನ್ನೆ ಅಜ್ಜಿಯ ಮನೆಗೆ ಬಂದಿದ್ದ ಆ ಕೂಸು, ಈಗ ಒಂದನೆಯ ತರಗತಿ, ನನ್ನ ಮೇಲೆ ಬೆರಳಿಟ್ಟು ಓದಿತು. "ಹಾ... ಅಜ್ಜೀ, ಇಲ್ಲಿ ಅಕ್ಷರಾನ ಇಲ್ಲ, ತೂತೈತಿ. ಏನಿತ್ತು ಇಲ್ಲಿ?"

ನೀಲವ್ವ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

ಮಗು ಕಾಯಲಿಲ್ಲ. ತೂತಿಗೆ ಕಣ್ಣಿಟ್ಟು ಬಗ್ಗಿತು. "ಅಜ್ಜೀ," ಎಂದು ಕೂಗಿತು, "ಒಳಗ ಬಾವಿ ಐತಿ!"