ಹನ್ನೊಂದು ಒಂದುಗಳು

ಒಂದು ಎಂಬ ಅಂಕಿಯನ್ನು ಹನ್ನೊಂದು ಸಲ ಸಾಲಾಗಿ ಬರೆದರೆ ಸಾವಿರದ ನೂರ ಹನ್ನೊಂದು ಕೋಟಿಗೂ ಮಿಕ್ಕಿದ ಸಂಖ್ಯೆಯಾಗುತ್ತದೆ. ಅದು ಅವಿಭಾಜ್ಯ, ಯಾವುದರಿಂದ ಭಾಗಿಸಿದರೂ ಶೇಷ ಉಳಿದೇ ಉಳಿಯುತ್ತದೆ ಎಂಬುದು ತಮ್ಮನ ಹಟವಾಗಿತ್ತು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಿಂದ ಹುಬ್ಬಿಗೂ ಧೂಳು ಮೆತ್ತಿಕೊಂಡು ಬಂದವನು ಕೈ ತೊಳೆದವನೇ ನೋಟ್‌ಬುಕ್ ಬಿಡಿಸುತ್ತಿದ್ದ. ಮೂರು, ಏಳು, ಹನ್ನೊಂದು, ಹದಿಮೂರು ಎಂದು ಶುರುಮಾಡಿ ಒಂದು ಲಕ್ಷದ ಐದು ಸಾವಿರ ದಾಟುವವರೆಗೆ ಸಿಗುವ ಒಂದೊಂದು ಅವಿಭಾಜ್ಯದಿಂದಲೂ ಭಾಗಿಸಿ ನೋಡಬೇಕು. ಹತ್ತು ಸಾವಿರಕ್ಕೂ ಹೆಚ್ಚು ಲೆಕ್ಕ.

"ನೀನೂ ಒಂದು ಕೈ ಹಾಕಕ್ಕಾ" ಎಂದ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಾಕಿ ಬರುತ್ತಿದ್ದ ಅಕ್ಕನೂ ಪೆನ್ಸಿಲ್ ಹಿಡಿದಳು.

ಒಂಬತ್ತು ವರ್ಷ ಹಿಡಿಯಿತು. ಎಲ್ಲಿಯೂ ಶೇಷ ಸೊನ್ನೆಯಾಗಲಿಲ್ಲ. ತಮ್ಮ ಅದನ್ನು ಗಣಿತದ ಪ್ರೊಫೆಸರೊಬ್ಬರಿಗೆ ಬರೆದು ಕಳಿಸಿದ. ಉತ್ತರ ಬರುವಷ್ಟರಲ್ಲಿ ಕಲ್ಲಿನ ಧೂಳು ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಅಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿದ್ದ.

ಕಾಗದ ಅಕ್ಕನ ಕೈಗೆ ಬಂತು. ಅದರಲ್ಲಿ ಹೀಗಿತ್ತು: "ಈ ಸಂಖ್ಯೆ 21649ರಿಂದ ಸರಿಯಾಗಿ ಭಾಗವಾಗುತ್ತದೆ, ಭಾಗಲಬ್ಧ 513239. ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ಒಂದು ಉಳಿಯಬೇಕು. ಇದು ಗೊತ್ತಿದ್ದಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಶ್ರಮ ಉಳಿಯುತ್ತಿತ್ತು."

ಅವಳು ಮನೆಯಲ್ಲಿದ್ದ ನೋಟ್‌ಬುಕ್ಕುಗಳನ್ನೆಲ್ಲ ಕೆದಕಿ 21649ರ ಪುಟ ಹುಡುಕಿದಳು. ಏಳು ವರ್ಷದ ಹಿಂದಿನದು. ಅಕ್ಷರ ಅವಳದೇ. ಶೇಷ 8317 ಎಂದು ಬರೆದಿತ್ತು, ಅದರ ಮೇಲೆ ಲೆಕ್ಕವೇ ಇರಲಿಲ್ಲ. ಅವಳಿಗೆ ನೆನಪಾಯಿತು. ಅವತ್ತು ಇಸ್ತ್ರಿಯ ಹಬೆಗೆ ಅಂಗೈ ಬೊಬ್ಬೆ ಎದ್ದಿತ್ತು. ಅವತ್ತಿನ ಪಾಲಿನಲ್ಲಿ ಇನ್ನು ಮೂರೇ ಲೆಕ್ಕ ಉಳಿದಿದ್ದವು. ಮೂರಕ್ಕೂ ಬಾಯಿಗೆ ಬಂದ ಅಂಕಿ ಗೀಚಿ ಎದ್ದುಬಿಟ್ಟಿದ್ದಳು. ಬದುಕಿನಲ್ಲಿ ಅದೊಂದೇ ಸಂಜೆ.

ಸುಳ್ಳು ಹೇಳಬಹುದಿತ್ತು. ಆದರೆ ಮರುದಿನ ಮಧ್ಯಾಹ್ನ ಅವನ ಮುಖ ನೋಡಿದಾಗ ಅದಾಗಲಿಲ್ಲ. ಕಾಗದವನ್ನೂ ಪುಟವನ್ನೂ ಅವನ ಎದೆಯ ಮೇಲಿಟ್ಟಳು.

"ಇದು ನಾನು ಲೆಕ್ಕ ಮಾಡಿದ್ದಲ್ಲ ಕಣೋ. ಸುಮ್ನೆ ಬರೆದಿದ್ದು."

ತಮ್ಮ ಪುಟ ತಿರುವಿ ನೋಡಿದ. "ಇನ್ನೆಷ್ಟು ಹೀಗೆ?"

"ಮೂರು. ದೇವರಾಣೆ, ಮೂರೇ."

"ಆ ಮೂರರಲ್ಲೇ ಇತ್ತಲ್ಲಕ್ಕಾ" ಎಂದು ನಗಲು ಹೋಗಿ ಕೆಮ್ಮಿದ. ನಳಿಗೆ ಕಳಚಿ ಬಿತ್ತು. ಅವಳು ಮತ್ತೆ ಸಿಕ್ಕಿಸಿದಳು.

ಮೂರನೆಯ ದಿನ ಪೆನ್ಸಿಲ್ ಕೇಳಿದ. 513239 ಇನ್ನೂ ಒಡೆಯುತ್ತದೆಯೋ ಇಲ್ಲವೋ ಕಾಗದದಲ್ಲಿ ಇರಲಿಲ್ಲ. ಹಳೆಯ ಪುಟಗಳನ್ನು ಈಗ ನಂಬುವಂತಿರಲಿಲ್ಲ. ಇಪ್ಪತ್ತೆರಡರ ನಿಯಮದ ಪ್ರಕಾರ ಹನ್ನೆರಡೇ ಲೆಕ್ಕ.

"ಕೊಡು, ನಾನು ಮಾಡ್ತೀನಿ" ಎಂದಳು ಅಕ್ಕ.

"ಬೇಡ."

ಒಂದೊಂದು ಅಂಕಿಗೂ ಉಸಿರು ಎಳೆದುಕೊಳ್ಳುತ್ತ ಏಳು ಮುಗಿಸಿದ. 419ಕ್ಕೆ ಬಂದಾಗ ಬೆರಳು ಸೋತವು. ಪೆನ್ಸಿಲನ್ನು ಅವಳತ್ತ ಚಾಚಿದ.

"ಮಾಡು. ನನಗೆ ಕಾಣೋ ಹಾಗೆ ಬರಿ."

ಅವಳು ಹಾಳೆಯನ್ನು ಅವನ ಕಣ್ಣಿನ ಎದುರು ಹಿಡಿದು ಭಾಗಿಸುತ್ತ ಹೋದಳು. ಅವನ ನೋಟ ಒಮ್ಮೆಯೂ ಅವಳ ಮುಖಕ್ಕೆ ಬರಲಿಲ್ಲ. ಪೆನ್ಸಿಲಿನ ಮೊನೆಯ ಮೇಲೇ ಕಾವಲು ಕೂತಿತ್ತು. ಕೊನೆಯ ಲೆಕ್ಕದಲ್ಲೂ ಶೇಷ ಉಳಿಯಿತು, 306.

"ಇದು ಒಡೆಯಲ್ಲ" ಎಂದ ತಮ್ಮ, ಗೋಡೆಯ ಕಡೆ ತಿರುಗಿಕೊಂಡ.

ಮರುದಿನ ಬೆಳಗ್ಗೆ ತೀರಿಹೋದ. ಅವನ ಹಾಸಿಗೆಯ ಬಟ್ಟೆ ಲಾಂಡ್ರಿಗೆ ಬಂದಾಗ ಇಸ್ತ್ರಿ ಹಾಕಿದವಳು ಅವಳೇ. ತಮ್ಮ ತನ್ನನ್ನು ಕ್ಷಮಿಸಿದ್ದನೇ ಎಂದು ಕೇಳಲು ಇನ್ನು ಯಾರೂ ಇರಲಿಲ್ಲ.